ವರುಣಪ್ರಿಯಾದ ಉದ್ದ

ನಮ್ಮ ಬಂದರಿನಿಂದ ಹೊರಟ ಬೋಟು ಹೊರಟಷ್ಟೇ ಉದ್ದವಾಗಿ ವಾಪಸು ಬರುವುದಿಲ್ಲ. ಒಂದೋ ಒಂದು ಗೇಣು ಹೆಚ್ಚಿರುತ್ತದೆ, ಇಲ್ಲವೇ ನಾಲ್ಕು ಬೆರಳು ಕಡಿಮೆ. ಹಾಗಾಗಿ ಹೊಳೆ ಕಡಲು ಸೇರುವ ಅಳಿವೆ ದಾಟಿ ಒಳಗೆ ಬಂದ ಪ್ರತಿ ಬೋಟನ್ನೂ ಅಳೆದ ಮೇಲೆಯೇ ಅದನ್ನು ಕಟ್ಟಲು ಜಾಗ ಕೊಡುತ್ತಾರೆ. ಆ ಅಳೆಯುವ ಕೆಲಸ ನನ್ನದು. ನನ್ನ ಹೆಸರು ವಾರಿಜಾ.

ಹೊರಗಿನಿಂದ ಬಂದವರಿಗೆ ಇದು ವಿಚಿತ್ರವಾಗಿ ಕಾಣುತ್ತದೆ, ನಮಗೆ ಹಾಗೇನಿಲ್ಲ. ನಮ್ಮಲ್ಲಿ ಬೋಟಿನ ಮೇಲೆ ಹೆಸರು ಬರೆಯುವವರು ಅಕ್ಷರಗಳ ನಡುವೆ ಜಾಗ ಬಿಟ್ಟು ಬರೆಯುತ್ತಾರೆ, ಬೋಟು ಕುಗ್ಗಿದರೆ ಒಂದು ಅಕ್ಷರ ಇನ್ನೊಂದರ ಮೇಲೆ ಹತ್ತಬಾರದಲ್ಲ. ಕಟ್ಟುವ ಹಗ್ಗವನ್ನು ಯಾರೂ ಬಿಗಿಯಾಗಿ ಎಳೆದು ಕಟ್ಟುವುದಿಲ್ಲ. ಹುಡುಗನನ್ನು ನೋಡಲು ಬಂದ ಹೆಣ್ಣಿನ ಕಡೆಯವರು ಹುಡುಗನ ಗುಣ ಕೇಳುವ ಮೊದಲು ಅವನಿರುವ ಬೋಟು ವರ್ಷಕ್ಕೆ ಎಷ್ಟು ಸಲ ಕುಗ್ಗಿತು ಎಂದು ಕೇಳುತ್ತಾರೆ. ಏಕೆಂದರೆ ಬೋಟಿನಲ್ಲಿ ಜಗಳವಾದರೆ, ಯಾರಾದರೂ ಮುನಿಸಿಕೊಂಡು ಮಾತು ಬಿಟ್ಟರೆ, ಬೋಟು ಕುಗ್ಗಿ ಬರುತ್ತದೆ. ಬೋಟು ಕಟ್ಟುವ ಧಕ್ಕೆಯಲ್ಲಿ ನಿಂತ ಹೆಂಗಸರು ಅಳತೆ ಕೇಳಿಸಿಕೊಂಡು ಮನೆಗೆ ಓಡುತ್ತಾರೆ. ನಾಲ್ಕು ಬೆರಳು ಕಡಿಮೆ ಎಂದರೆ ಆ ದಿನ ಗಂಡನಿಗೆ ಇಷ್ಟವಾದ ಸಾರು. ಉದ್ದವಾಗಿ ಬಂದರೆ ಬೋಟಿನವರೆಲ್ಲ ಖುಷಿಯಾಗಿದ್ದಾರೆ ಎಂದು ಅರ್ಥ. ಅಂದರೆ, ಊರಿನಲ್ಲಿ ಎಲ್ಲರೂ ಹಾಗೆ ತಿಳಿದಿದ್ದರು.

ನಾನು ಅಳೆಯುತ್ತೇನೆ, ಆದರೆ ಅಳತೆಯನ್ನು ಕೂಗಿ ಹೇಳುತ್ತಿದ್ದವರು ನನ್ನ ಚಿಕ್ಕಮ್ಮ. ಅವರ ಹೆಸರು ಅಕ್ಕು. ಮೀನು ಮಾರುವ ಅವರ ದನಿ ಹೊಳೆಯ ಆಚೆ ದಡಕ್ಕೂ ಕೇಳುತ್ತದೆ. ನನ್ನದು ಪಕ್ಕದವರಿಗೂ ಕೇಳುವುದಿಲ್ಲ. ಶಾಲೆಯಲ್ಲಿ ಮಾಸ್ತರರು ಹಾಜರಿ ಕರೆಯುವಾಗ ನನ್ನ ಸರದಿ ಬಂದರೆ ಗಂಟಲು ಕಟ್ಟಿಹೋಗುತ್ತಿತ್ತು. ನಾನು ಎದುರಿಗೇ ಕುಳಿತಿದ್ದರೂ ಉತ್ತರ ಬರಲಿಲ್ಲವೆಂದು ಅವರು ಗೈರುಹಾಜರಿ ಹಾಕುತ್ತಿದ್ದರು. ಹೇಗೂ ಗೈರುಹಾಜರಿ ತಾನೇ ಎಂದು ಒಂದು ದಿನ ಹೋಗಲಿಲ್ಲ, ಮರುದಿನವೂ ಹೋಗಲಿಲ್ಲ, ಆಮೇಲೆ ಯಾರೂ ಕೇಳಲಿಲ್ಲ. ಚಿಕ್ಕಮ್ಮ ನನ್ನನ್ನು ಧಕ್ಕೆಗೆ ಕರೆತಂದು ತೆಂಗಿನ ನಾರಿನ ಹಗ್ಗ ಕೈಗೆ ಕೊಟ್ಟರು. "ನೀನು ನೋಡು, ಮಾತಾಡುದು ನಾನು ಮಾಡ್ತೇನೆ" ಎಂದರು. ನನಗೆ ಅಷ್ಟೇ ಸಾಕಿತ್ತು. ನಾನು ಅಳೆದು ಅವರ ಕಿವಿಯಲ್ಲಿ ಹೇಳಿದರೆ ಅವರು ಊರಿಗೆಲ್ಲ ಹೇಳುತ್ತಿದ್ದರು.

ವರುಣಪ್ರಿಯಾ ಮೊದಲ ಸಲ ನಮ್ಮಲ್ಲಿಗೆ ಬಂದದ್ದು ಮಳೆಗಾಲದ ರಜೆ ಮುಗಿದು ಮೀನುಗಾರಿಕೆ ಶುರುವಾದಾಗ. ಅಂಥ ಬೋಟನ್ನು ನಾವು ಕಂಡಿರಲಿಲ್ಲ. ಮರದ ಚೂರೂ ಇಲ್ಲ, ಎಲ್ಲ ಉಕ್ಕು. ಆರು ಸಿಲಿಂಡರಿನ ಎಂಜಿನು, ಬಲೆ ಎಳೆಯುವ ಯಂತ್ರ, ಮೀನಿನ ಗುಂಪು ಎಲ್ಲಿದೆ ಎಂದು ತೋರಿಸುವ ಪರದೆ, ಮೀನು ತಣ್ಣಗಿಡುವ ಎರಡು ಕೋಣೆ. ಅದರ ಮಾಲೀಕರು ಯಾವುದೋ ದೂರದ ಪೇಟೆಯಲ್ಲಿ ಕುಳಿತು ಫೋನಿನಲ್ಲೇ ಬೋಟು ಎಲ್ಲಿದೆ ಎಂದು ನೋಡುತ್ತಿದ್ದರಂತೆ, ಒಂದು ಹಸಿರು ಚುಕ್ಕೆಯಾಗಿ. ಚುಕ್ಕೆಯ ಉದ್ದ ಎಷ್ಟು ಎಂದು ಮಾತ್ರ ಆ ಫೋನು ಹೇಳುತ್ತಿರಲಿಲ್ಲ. ಬೋಟಿನ ಚುಕ್ಕಾಣಿ ಕೋಣೆಯಲ್ಲಿ ಒಂದು ಹಿತ್ತಾಳೆಯ ಫಲಕವಿತ್ತು. ಉದ್ದ ಇಪ್ಪತ್ತೆರಡು ಮೀಟರು, ಅಗಲ ಇಷ್ಟು, ಆಳ ಇಷ್ಟು ಎಂದು ಕೊರೆದಿದ್ದರು. ಅದರ ತಾಂಡೇಲ ಕೂಸಣ್ಣ ಬೋಟು ನಡೆಸುವುದರಲ್ಲಿ ಪಳಗಿದವರು. ಆ ಫಲಕವನ್ನು ದಿನಾ ಒರೆಸುತ್ತಿದ್ದರು. ನನ್ನ ಹಗ್ಗವನ್ನು ನೋಡಿ ನಕ್ಕರು.

"ಉಕ್ಕು ತಂಗಿ ಇದು, ರಬ್ಬರ್ ಅಲ್ಲ. ಅಳೆಬೇಕಾದ್ರೆ ಅಳೆ, ನಿನ್ನ ಸಮಾಧಾನಕ್ಕೆ."

ನಾನು ಅಳೆದೆ. ಮೂತಿಯ ತುದಿಯಲ್ಲಿ ಹಗ್ಗ ಹಿಡಿಯಲು ಬೋಟಿನವರಲ್ಲಿ ಒಬ್ಬರು ಬೇಕು. ಅವತ್ತು ಹಿಡಿದವರು ಎಂಜಿನು ನೋಡಿಕೊಳ್ಳುವ ಉಮಾನಾಥ. ಮೊಣಕೈವರೆಗೆ ಎಣ್ಣೆ ಮೆತ್ತಿತ್ತು, ಹಗ್ಗ ಕೊಳೆಯಾಗಬಾರದೆಂದು ತುದಿಯನ್ನು ಎರಡೇ ಬೆರಳಲ್ಲಿ ಹಿಡಿದಿದ್ದರು. ಅಳತೆ ಫಲಕದಲ್ಲಿದ್ದಷ್ಟೇ ಬಂತು. ಕೂಸಣ್ಣ ಗೆದ್ದವರ ಹಾಗೆ ಎಲ್ಲರನ್ನೂ ನೋಡಿದರು.

ಅಳತೆಯಾದ ಮೇಲೆ ಆ ಬೋಟಿನ ಗುರುತಿಗೆ ನಾನು ಹಗ್ಗದಲ್ಲಿ ಒಂದು ಬಟ್ಟೆಯ ಚೂರು ಕಟ್ಟುತ್ತೇನೆ. ಅವತ್ತು ನನ್ನ ಬಳಿ ಹೊಸ ಚೂರು ಇರಲಿಲ್ಲ. ಉಮಾನಾಥ ತಮ್ಮ ಹೆಗಲ ಮೇಲಿನ ಕೆಂಪು ಚೌಕಳಿಯ ಟವೆಲಿನಿಂದ ಒಂದು ಪಟ್ಟಿ ಹರಿದು ಕೊಟ್ಟರು. ಮುಂದಿನ ಸಲ ಬಂದಾಗ ಬೇರೊಂದು ಬಂದರಿನಿಂದ ಒಂದು ಚೂರು ತಂದಿದ್ದರು, ಹಡಗಿನ ಬಾವುಟದ ಹಳದಿ ಬಟ್ಟೆ. ಅದರ ಮುಂದಿನ ಸಲ ಯಾವುದೋ ಹೋಟೆಲಿನ ಪರದೆಯ ಹಸಿರು ಅಂಚು. ಇದು ಇಂಥ ಊರಿನದು, ಅಲ್ಲಿ ಎರಡು ದಿನ ನಿಂತೆವು, ಅಲ್ಲಿಯ ಐಸಿನಲ್ಲಿ ಮರಳು ಇರುತ್ತದೆ ಎಂದು ಹಗ್ಗ ಹಿಡಿದುಕೊಂಡೇ ಹೇಳುತ್ತಿದ್ದರು. ಹೀಗೆ ವರುಣಪ್ರಿಯಾ ಎಲ್ಲೆಲ್ಲಿ ಹೋಗಿ ಬಂತು ಎಂದು ಮಾಲೀಕರಿಗಿಂತ ನನಗೇ ಚೆನ್ನಾಗಿ ಗೊತ್ತಿತ್ತು. ಅವರಿಗೆ ಚುಕ್ಕೆ ಮಾತ್ರ ಕಾಣುತ್ತಿತ್ತು, ನನ್ನ ಬಳಿ ಬಟ್ಟೆ ಇತ್ತು. ನಾನು ತಲೆಯಾಡಿಸುತ್ತಿದ್ದೆ. ಒಮ್ಮೆ ನಕ್ಕೆ. ಚಿಕ್ಕಮ್ಮ ಅದನ್ನು ನೋಡಿ ಬುಟ್ಟಿಯಲ್ಲಿದ್ದ ಬಂಗುಡೆಗಳನ್ನು ಸುಮ್ಮನೆ ಎತ್ತಿ ಜೋಡಿಸತೊಡಗಿದರು.

ದೀಪಾವಳಿಯ ಹೊತ್ತಿಗೆ ಒಂದು ಮಧ್ಯಾಹ್ನ ಹಗ್ಗ ಹಿಡಿದ ಉಮಾನಾಥ, ಚಿಕ್ಕಮ್ಮ ಗಿರಾಕಿಯ ಜೊತೆ ಚೌಕಾಸಿಯಲ್ಲಿ ಮುಳುಗಿದ್ದಾಗ, ಕೆಳಗೆ ಬಗ್ಗಿ ಕೇಳಿದರು. "ನಾನು ನಿಮ್ಮ ಮನೆಗೆ ಬಂದು ಚಿಕ್ಕಮ್ಮನತ್ರ ಮಾತಾಡ್ಬಹುದಾ?"

ಏನು ಮಾತು ಎಂದು ಕೇಳುವಷ್ಟು ದಡ್ಡಿ ನಾನಲ್ಲ. ಉತ್ತರವೂ ಗೊತ್ತಿತ್ತು, ಬಹಳ ದಿನದಿಂದ ಗೊತ್ತಿತ್ತು. ಆದರೆ ಹಾಜರಿಯ ಹೊತ್ತಿನಂತೆಯೇ ಆಯಿತು. ನಾನು ಹಗ್ಗ ಸುತ್ತತೊಡಗಿದೆ. ಇನ್ನೂ ಅಳತೆಯೇ ಆಗಿರಲಿಲ್ಲ. ಅವರು ಬೇಸರ ಮಾಡಿಕೊಳ್ಳಲಿಲ್ಲ. "ಈಗ್ಲೇ ಹೇಳ್ಬೇಕು ಅಂತ ಇಲ್ಲ. ಮುಂದಿನ ಸಲ ಬಂದಾಗ ಹೇಳಿ" ಎಂದು ತುದಿಯನ್ನು ಮತ್ತೆ ಹಿಡಿದುಕೊಂಡರು.

ಮುಂದಿನ ಸಲ ವರುಣಪ್ರಿಯಾ ಒಂದು ಗೇಣು ಉದ್ದವಾಗಿ ಬಂತು.

ಚಿಕ್ಕಮ್ಮ ಅಳತೆ ಕೂಗಿದಾಗ ಧಕ್ಕೆಯಲ್ಲಿ ನಗುವೋ ನಗು. ಉಕ್ಕಿಗೂ ನಮ್ಮ ನೀರು ಹತ್ತಿತಲ್ಲ ಎಂದು ಎಲ್ಲರಿಗೂ ಹೆಮ್ಮೆ. ಕೂಸಣ್ಣ ಹಗ್ಗವನ್ನು ಕೈಯಲ್ಲಿ ಹಿಡಿದು ಮೂಸಿ ನೋಡಿ, ಇದು ಒಣಗಿ ಗಿಡ್ಡವಾಗಿದೆ ಎಂದರು. ನಾನು ಹಗ್ಗವನ್ನು ನೀರಿನಲ್ಲಿ ಅದ್ದಿ ಮತ್ತೆ ಅಳೆದೆ. ಅಷ್ಟೇ ಬಂತು. ಬೋಟಿನ ಅಡುಗೆಯವನ ಕೈಗುಣದಿಂದ ಎಲ್ಲರೂ ಖುಷಿಯಾಗಿದ್ದಾರೆ ಎಂದು ಊರು ತೀರ್ಮಾನಿಸಿತು, ಅವನಿಗೆ ಒಂದು ಬೆಡ್‌ಶೀಟು ಉಡುಗೊರೆ ಕೊಟ್ಟಿತು. ಉಮಾನಾಥ ಮೂತಿಯಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದರು. ನಾನು ಹಗ್ಗ ನೋಡುತ್ತಿದ್ದೆ. ಅದರ ಮುಂದಿನ ಸಲ ಇನ್ನೊಂದು ಗೇಣು ಹೆಚ್ಚಾಯಿತು, ಮತ್ತೊಂದು ಸಲ ಒಂದು ಮೊಳ.

ಆಗ ನಗು ನಿಂತಿತು. ಕಾರಣ ನಮ್ಮ ಮಡು. ಒಳಗೆ ಬಂದ ಬೋಟು ಧಕ್ಕೆಗೂ ಐಸ್ ಪ್ಲಾಂಟಿನ ಗೋಡೆಗೂ ನಡುವೆ ಇರುವ ಮಡುವಿನಲ್ಲಿ ತಿರುಗಿ, ಮೂತಿಯನ್ನು ಕಡಲಿನ ಕಡೆಗೆ ಮಾಡಿ ನಿಲ್ಲಬೇಕು. ಅಳಿವೆಯ ಸೆಳೆತದಲ್ಲಿ ಹಿಂದಕ್ಕೆ ಹೋಗುವುದು ಸಾಧ್ಯವಿಲ್ಲ. ಮಡು ಇರುವುದೇ ಅಷ್ಟು. ಅದರಲ್ಲಿ ತಿರುಗಲಾಗದ ಬೋಟು ನಮ್ಮ ಬಂದರಿನದಲ್ಲ, ಉತ್ತರದ ದೊಡ್ಡ ಬಂದರಿಗೆ ಹೋಗಬೇಕು. ಬಂದರಿನ ಅಧಿಕಾರಿ ಲೋಬೊ ಸಾಹೇಬರು ಒಳ್ಳೆಯ ಮನುಷ್ಯ, ಯಾರ ಮೇಲೂ ಕೂಗಾಡಿದವರಲ್ಲ. ವರುಣಪ್ರಿಯಾ ಮಡುವಿನಲ್ಲಿ ತಿರುಗುವಾಗ ಎರಡೂ ಕಡೆ ಕೈ ಹಾಕುವಷ್ಟೇ ಜಾಗ ಉಳಿದದ್ದನ್ನು ನೋಡಿ ಕೊಡೆ ಮಡಚಿ ಕೂಸಣ್ಣನ ಬಳಿ ಬಂದರು.

"ಇನ್ನೊಂದು ಮೊಳ ಆಯ್ತು ಅಂದ್ರೆ ನಾನು ಬರ್ಕೊಡ್ಲೇಬೇಕು ಕೂಸಣ್ಣ. ದೊಡ್ಡ ಬಂದರಿಗೇ ಹೋಗ್ಬೇಕಾಗ್ತದೆ. ನಂಗೂ ಬೇಜಾರೇ."

ಅಲ್ಲಿ ಫಲಕ ನೋಡಿ ಜಾಗ ಕೊಡುತ್ತಾರೆ. ಹಗ್ಗದ ತುದಿ ಹಿಡಿಯುವ ಕೆಲಸವೇ ಅಲ್ಲಿಲ್ಲ. ನಾನು ಮನೆಗೆ ಬಂದು ಅವತ್ತು ಊಟ ಮಾಡಲಿಲ್ಲ, ಹೊಟ್ಟೆನೋವು ಎಂದೆ.

ಊರಿನವರು ಕೈಕಟ್ಟಿ ಕೂರಲಿಲ್ಲ. ವರುಣಪ್ರಿಯಾ ಬಂದ ಮೇಲೆ ಐಸ್ ಪ್ಲಾಂಟು ಹಗಲು ರಾತ್ರಿ ಓಡುತ್ತಿತ್ತು, ಚಹದಂಗಡಿ ಎರಡಾಗಿತ್ತು. ಖುಷಿಯಿಂದ ಉದ್ದವಾದದ್ದು ಬೇಸರದಿಂದ ಕುಗ್ಗಲೇಬೇಕು ಎಂದು ಎಲ್ಲರೂ ಸೇರಿ ಬೋಟಿನವರಿಗೆ ಬೇಸರ ಮಾಡಿಸಲು ಹೊರಟರು. ಚಿಕ್ಕಮ್ಮ ಉಪ್ಪು ಹಾಕದ ಸಾರು ಕಳಿಸಿದರು. ಬೋಟಿನ ಆಳುಗಳಾದ ಕಲಾಸಿಗಳು ಸಮುದ್ರದ ಮೇಲೆ ಎಲ್ಲವನ್ನೂ ಉಪ್ಪುಪ್ಪಾಗಿ ತಿಂದು ಸಾಕಾಗಿದ್ದವರು, ಪಾತ್ರೆ ಬಳಿದು ತಿಂದು ಇನ್ನೂ ಇದೆಯಾ ಎಂದು ಕೇಳಿದರು. ಬಲೆ ಹೊಲಿಯುವ ಮುದುಕ ಐತಪ್ಪಣ್ಣ ಬೋಟು ಹತ್ತಿ, ಪ್ರವಾಹದಲ್ಲಿ ಕೊಚ್ಚಿಹೋದ ತನ್ನ ಎಮ್ಮೆಯ ಕಥೆ ಹೇಳಿದ. ಅರ್ಧದಲ್ಲಿ ಅವನೇ ಅತ್ತ, ಕಲಾಸಿಗಳು ಅವನನ್ನು ಸಮಾಧಾನ ಮಾಡಿ ಮನೆಗೆ ಬಿಟ್ಟು ಬಂದರು. ಕೊನೆಗೆ ಯಕ್ಷಗಾನದ ಭಾಗವತರೊಬ್ಬರನ್ನು ಕರೆಸಿ ಶೋಕದ ಪದಗಳನ್ನೇ ಹಾಡಿಸಿದರು. ಪದ ಚೆನ್ನಾಗಿತ್ತು. ಕಲಾಸಿಗಳು ಚಪ್ಪಾಳೆ ಹೊಡೆದು ಮತ್ತೊಮ್ಮೆ ಹಾಡಿಸಿದರು. ಮರುದಿನ ನಾನು ಅಳೆದರೆ ಬೋಟು ಒಂದು ಬೆರಳೂ ಕುಗ್ಗಿರಲಿಲ್ಲ.

ನನಗೆ ಅದರಿಂದ ಆಶ್ಚರ್ಯವಾಗಲಿಲ್ಲ. ಮಾತಾಡದವರಿಗೆ ನೋಡಲು ಬಹಳ ಸಮಯ ಸಿಗುತ್ತದೆ. ಖುಷಿಗೆ ಬೋಟು ಉದ್ದವಾಗುತ್ತದೆ ಎಂಬುದು ನನಗೆ ಯಾವತ್ತೂ ಪೂರ್ತಿ ಒಪ್ಪಿಗೆಯಾಗಿರಲಿಲ್ಲ. ಹಿಂದಿನ ಬೇಸಿಗೆಯಲ್ಲಿ ನಮ್ಮ ನೆರೆಮನೆಯ ಶೀನಣ್ಣನ ಬೋಟು ಎರಡು ಗೇಣು ಉದ್ದವಾಗಿ ಬಂದಿತ್ತು. ಧಕ್ಕೆಗೆ ಕಟ್ಟುತ್ತಿರುವಾಗ ಅವರ ಮಗಳು ಓಡಿ ಬಂದು ಹತ್ತನೇ ತರಗತಿ ಪಾಸಾಯಿತು ಎಂದಳು. ಶೀನಣ್ಣ ಕುಣಿದೇಬಿಟ್ಟರು. ಅದೇ ಹೊತ್ತಿಗೆ, ನನ್ನ ಕಣ್ಣೆದುರೇ, ಬೋಟು ಮೆಲ್ಲಗೆ ಕುಗ್ಗಿತು, ಹಗ್ಗ ಜೋತುಬಿತ್ತು. ಅಷ್ಟು ಖುಷಿಯಲ್ಲಿ ಕುಗ್ಗಿದ್ದೇಕೆ ಎಂದು ಯಾರೋ ಕೇಳಿದ್ದಕ್ಕೆ, ಕಾಲೇಜಿನ ಫೀಸು ನೆನಪಾಗಿರಬೇಕು ಎಂದು ಉಳಿದವರು ನಕ್ಕರು. ಹೆಂಡತಿಗೆ ದಿನ ತುಂಬಿದವರ ಬೋಟೂ ಹೀಗೆಯೇ. ಕಡಲಿನಿಂದ ಉದ್ದವಾಗಿ ಬರುತ್ತದೆ, ಮಗು ಹುಟ್ಟಿತೆಂದು ತಿಳಿದ ಕೂಡಲೇ ಮೊದಲಿನಂತಾಗುತ್ತದೆ. ಬೋಟನ್ನು ಉದ್ದ ಮಾಡುವುದು ಖುಷಿಯಲ್ಲ, ಕಾಯುವುದು. ಗೊತ್ತಾಗಬೇಕಾದ್ದು ಗೊತ್ತಾಗುವವರೆಗೆ ಅದು ಬೆಳೆಯುತ್ತಲೇ ಇರುತ್ತದೆ.

ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಈಗ ಹೇಳಿದರೆ, ವರುಣಪ್ರಿಯಾದಲ್ಲಿ ಯಾರು ಏನಕ್ಕೆ ಕಾಯುತ್ತಿದ್ದಾರೆ ಎಂಬ ಪ್ರಶ್ನೆ ಬರುತ್ತಿತ್ತು.

ಆದರೂ ಹೇಳಬೇಕಾದ್ದು ಒಂದೇ ಮಾತು ತಾನೇ ಎಂದು ಅಭ್ಯಾಸ ಮಾಡಿದೆ. ಐಸ್ ಪ್ಲಾಂಟಿನ ಹಿಂದೆ ಯಂತ್ರದ ಸದ್ದಿನಲ್ಲಿ ನಿಂತು ಹೌದು ಎಂದೆ. ಮೀನಿನ ತಲೆಗಾಗಿ ಬರುವ ಬೆಕ್ಕಿಗೆ ಹೌದು ಎಂದೆ. ಅದು ಸುಮ್ಮನೆ ನನ್ನ ಮುಖ ನೋಡಿತು. ಬೋಟು ಹೊರಡುವ ಬೆಳಿಗ್ಗೆ ಎಲ್ಲ ಸಿದ್ಧವಾಗಿಯೇ ಧಕ್ಕೆಗೆ ಹೋದೆ. ಉಮಾನಾಥ ಎಂಜಿನು ಕೋಣೆಯಿಂದ ತಲೆ ಹೊರಗೆ ಹಾಕಿದರು. ನಾನು ಬಾಯಿ ತೆರೆದೆ. ಕೈ ಎತ್ತಿದೆ. ಅಷ್ಟೇ ಆಯಿತು. ಅವರೂ ಕೈ ಎತ್ತಿದರು. ಬೋಟು ಅಳಿವೆ ದಾಟಿ ಹೋಯಿತು.

ಅದು ವಾಪಸು ಬಂದ ದಿನ ಶನಿವಾರ, ಸಂತೆಯ ದಿನ, ಧಕ್ಕೆಯ ತುಂಬ ಜನ. ಅಳಿವೆಯಲ್ಲಿ ಕಾಣಿಸಿದಾಗಲೇ ನನಗೆ ಗೊತ್ತಾಯಿತು, ಹೆಸರಿನ ಅಕ್ಷರಗಳು ಒಂದನ್ನೊಂದು ಬಿಟ್ಟು ಅಷ್ಟು ದೂರ ಹೋಗಿದ್ದವು. ಲೋಬೊ ಸಾಹೇಬರು ಕೈ ಬೀಸಿ ತಿರುಗಿಸಬೇಡಿ ಎಂದರು. ಕೂಸಣ್ಣ ಫಲಕವನ್ನು ನಂಬಿದವರು, ತಿರುಗಿಸಿಯೇಬಿಟ್ಟರು. ಅರ್ಧ ತಿರುಗಿತು. ಆಮೇಲೆ ಮೂತಿ ಧಕ್ಕೆಯ ಕಲ್ಲಿಗೆ ಒರಗಿತು, ಹಿಂಬದಿ ಐಸ್ ಪ್ಲಾಂಟಿನ ಗೋಡೆಗೆ ಹೋಗಿ ಕೂತಿತು. ಬಾಗಿಲಿಗೆ ಅಡ್ಡ ಹಾಕಿದ ಅಗುಳಿಯ ಹಾಗೆ ವರುಣಪ್ರಿಯಾ ಬಂದರಿಗೆ ಅಡ್ಡ ನಿಂತಿತು. ಅದರ ಹಿಂದೆ ಬಂದ ಬೋಟುಗಳೆಲ್ಲ ಹೊರಗೇ ನಿಂತು ಹಾರ್ನು ಹೊಡೆದವು. ನೀರು ಇಳಿಯತೊಡಗಿತ್ತು. ಇನ್ನೂ ಇಳಿದರೆ ಉಕ್ಕಿನ ಹೊಟ್ಟೆ ಕೆಸರಿನಲ್ಲಿ ಕೂರುತ್ತದೆ, ಎಳೆದು ತೆಗೆಯಲು ದೊಡ್ಡ ಬಂದರಿನಿಂದ ಹಡಗು ಬರಬೇಕು, ಬಂದದ್ದು ಬೋಟನ್ನು ತನ್ನ ಜೊತೆಗೇ ಕರೆದೊಯ್ಯುತ್ತದೆ. ಲೋಬೊ ಸಾಹೇಬರು ಆಗಲೇ ಫೋನು ಕಿವಿಗೆ ಹಿಡಿದಿದ್ದರು. ಕಲಾಸಿಗಳು ಬಿದಿರುಗಳನ್ನು ಗೋಡೆಗೆ ಊರಿ ತಳ್ಳಿದರು, ಬಿದಿರು ಮುರಿಯಿತು.

ಎಂಜಿನು ನಿಲ್ಲಿಸಿ ಉಮಾನಾಥ ಮೇಲೆ ಬಂದರು. ಅಭ್ಯಾಸಬಲದಿಂದ ನೇರ ಮೂತಿಗೆ ಬಂದು ನನ್ನ ತಲೆಯ ಮೇಲೆಯೇ ನಿಂತು, ಹಗ್ಗಕ್ಕಾಗಿ ಕೈ ಚಾಚಿದರು. ಇನ್ನೊಂದು ಕೈಯಲ್ಲಿ ನೀಲಿ ಬಟ್ಟೆಯ ಒಂದು ಚೂರು ಇತ್ತು.

ನಾನು ಚಿಕ್ಕಮ್ಮನ ಸೆರಗು ಎಳೆದು ಕಿವಿಯಲ್ಲಿ ಹೇಳಿದೆ. ಯಾವತ್ತೂ ಅಳತೆ ಹೇಳುವ ಹಾಗೆಯೇ ಹೇಳಿದೆ. ಚಿಕ್ಕಮ್ಮ ನನ್ನ ಮುಖ ನೋಡಿದರು, ಮೂತಿಯಲ್ಲಿ ನಿಂತವರನ್ನು ನೋಡಿದರು, ಸೊಂಟಕ್ಕೆ ಕೈ ಇಟ್ಟು ಹೊಳೆಯಾಚೆಗೂ ಕೇಳುವಂತೆ ಕೂಗಿದರು.

"ಹೌದಂತೆ."

"ಎಂತ ಹೌದಂತೆ ಅಕ್ಕು?" ಎಂದು ಐತಪ್ಪಣ್ಣ ಕೇಳಿದ. "ಉದ್ದ ಎಷ್ಟಂತೆ? ಗೇಣು ಹೇಳು ಮಾರಾಯ್ತಿ" ಎಂದು ಶೀನಣ್ಣ ಕೂಗಿದರು. ಬೋಟು ಅಲುಗಲಿಲ್ಲ. ಉಮಾನಾಥರ ಮುಖದಲ್ಲಿ ಒಂದು ಬೆಳಕು ಬಂದು ಅರ್ಧದಲ್ಲೇ ನಿಂತಿತು, ತಾವು ತಿಳಿದದ್ದು ಸರಿಯೋ ಅಲ್ಲವೋ ಎಂಬಂತೆ ನನ್ನ ಕಡೆ ನೋಡುತ್ತಲೇ ಇದ್ದರು. ಇನ್ನೂ ಕಾಯುತ್ತಿದ್ದರು.

ಚಿಕ್ಕಮ್ಮ ನನ್ನ ಬೆನ್ನಿಗೆ ಮೆಲ್ಲಗೆ ಕೈ ಇಟ್ಟರು. "ಬಾಡಿಗೆ ಬಾಯಿಗೆ ಇದು ಬಗ್ಗುದಿಲ್ಲ ಮಗಾ. ನೀನೇ ಹೇಳ್ಬೇಕು."

ಧಕ್ಕೆಯಲ್ಲಿದ್ದವರೆಲ್ಲ ನನ್ನನ್ನು ನೋಡಿದರು. ಅಷ್ಟು ಜನ ಒಟ್ಟಿಗೆ ನನ್ನನ್ನು ನೋಡಿದ್ದು ಅದೇ ಮೊದಲು. ಕೈಯಲ್ಲಿದ್ದ ಹಗ್ಗವನ್ನು ಬಿಗಿಯಾಗಿ ಹಿಡಿದುಕೊಂಡೆ, ಬೆರಳಿಗೆ ಕೆಂಪು ಚೌಕಳಿಯ ಪಟ್ಟಿ ಸಿಕ್ಕಿತು, ಅದರ ಪಕ್ಕದಲ್ಲಿ ಹಳದಿ, ಹಸಿರು. ಇಷ್ಟು ಬಂದರು ಸುತ್ತಿ ಇಲ್ಲಿಗೇ ಬಂದ ಬೋಟಿಗೆ ಒಂದು ಉತ್ತರ ಕೊಡದೆ ಕಳಿಸುವುದು ಹೇಗೆ ಎನ್ನಿಸಿತು.

"ಉಮಾನಾಥ" ಎಂದೆ. ದನಿ ಬಂತು. ನನ್ನದೇ ದನಿ ಅದು ಎಂದು ಗುರುತಾಗಲು ನನಗೇ ಸ್ವಲ್ಪ ಹೊತ್ತು ಬೇಕಾಯಿತು. "ಮನೆಗೆ ಬರುದು ಬೇಡ. ಚಿಕ್ಕಮ್ಮ ಇಲ್ಲೇ ಇದ್ದಾರೆ. ಈಗ್ಲೇ ಕೇಳಿ. ನಂಗೆ ಒಪ್ಪಿಗೆ ಉಂಟು."

ಆಮೇಲೆ ಉಕ್ಕಿನೊಳಗಿನಿಂದ ದೀರ್ಘವಾಗಿ ಉಸಿರು ಬಿಟ್ಟಂಥ ಒಂದು ಸದ್ದು ಬಂತು. ಐಸ್ ಪ್ಲಾಂಟಿನ ಗೋಡೆಯಿಂದ ಬಣ್ಣದ ಚಕ್ಕೆಗಳು ನೀರಿಗೆ ಉದುರಿದವು. ದೂರ ದೂರ ನಿಂತಿದ್ದ ಅಕ್ಷರಗಳು ಮೆಲ್ಲಗೆ ಒಂದರ ಬಳಿ ಒಂದು ಬಂದವು, ವರುಣಪ್ರಿಯಾ ಎಂದು ಒಂದೇ ಉಸಿರಿನಲ್ಲಿ ಓದುವಷ್ಟು ಹತ್ತಿರ. ಮೂತಿ ಧಕ್ಕೆಯ ಕಲ್ಲನ್ನು ಬಿಟ್ಟಿತು. ಹಿಂಬದಿ ಗೋಡೆಯನ್ನು ಬಿಟ್ಟಿತು. ಇಳಿಯುತ್ತಿದ್ದ ನೀರೇ ಬೋಟನ್ನು ಹಿಡಿದು ತಾನಾಗಿ ತಿರುಗಿಸಿ ಕಡಲಿನ ಕಡೆಗೆ ಮುಖ ಮಾಡಿ ನಿಲ್ಲಿಸಿತು. ಲೋಬೊ ಸಾಹೇಬರು ಫೋನಿಗೆ "ಬೇಡ, ಬೇಡ" ಎಂದಷ್ಟೇ ಹೇಳಿ ಜೇಬಿಗೆ ಹಾಕಿಕೊಂಡರು.

ಉಮಾನಾಥ ಧಕ್ಕೆಗೆ ಹಾರಿ ಬಂದು, ಎಣ್ಣೆಯ ಕೈಗಳನ್ನು ಹಿಂದೆ ಕಟ್ಟಿಕೊಂಡು ಚಿಕ್ಕಮ್ಮನ ಎದುರು ನಿಂತರು. ಅವರೂ ನನ್ನ ಹಾಗೆಯೇ ತಲೆ ತಗ್ಗಿಸಿದರು. ಚಿಕ್ಕಮ್ಮ ಬುಟ್ಟಿ ಎತ್ತಿ ತಲೆಯ ಮೇಲಿಟ್ಟುಕೊಂಡರು.

"ನನ್ನ ಹತ್ರ ಇನ್ನೆಂತ ಕೇಳುದು? ನಾನು ಆಗ್ಲೇ ಹೌದು ಅಂತ ಹೇಳಿ ಆಯ್ತಲ್ಲ. ಊರೆಲ್ಲ ಕೇಳಿಸ್ಕೊಂಡಿದೆ."

ಕೂಸಣ್ಣ ಕೆಳಗಿಳಿದು ನನ್ನ ಕೈಯಿಂದ ಹಗ್ಗ ತೆಗೆದುಕೊಂಡು ತಾವೇ ಬೋಟನ್ನು ಅಳೆದರು. ಫಲಕದಲ್ಲಿದ್ದಷ್ಟೇ ಬಂತು. ಅವರ ಮುಖದಲ್ಲಿ ಗೆಲುವೂ ಇತ್ತು, ಗೊಂದಲವೂ ಇತ್ತು. ಅಡುಗೆಯವನಿಗೆ ಕೊಟ್ಟ ಬೆಡ್‌ಶೀಟನ್ನು ವಾಪಸು ಕೇಳಬೇಕೋ ಬೇಡವೋ ಎಂಬ ಚರ್ಚೆ ಚಹದಂಗಡಿಯಲ್ಲಿ ಬಹಳ ದಿನ ನಡೆಯಿತು, ಕೊನೆಗೆ ನಮ್ಮ ಮದುವೆಯ ಅಡುಗೆ ಅವನೇ ಮಾಡಲಿ, ಅಲ್ಲಿಗೆ ಸರಿಯಾಗುತ್ತದೆ ಎಂದು ತೀರ್ಮಾನವಾಯಿತು. ಸಾರಿಗೆ ಉಪ್ಪು ಹೆಚ್ಚಾಗಿತ್ತು.

ಮದುವೆಯಾಗಿ ಈಗ ಎರಡನೇ ಮೀನುಗಾರಿಕೆಯ ಹಂಗಾಮು ನಡೆಯುತ್ತಿದೆ. ಬೋಟಿಗೆ ಹೊಸ ಬಣ್ಣ ಬಳಿಸುವಾಗ ಕೂಸಣ್ಣ ಯಾರೂ ಹೇಳದೆಯೇ ಹೆಸರಿನ ಅಕ್ಷರಗಳ ನಡುವೆ ಜಾಗ ಬಿಡಿಸಿದರು. ಫಲಕವನ್ನು ಈಗಲೂ ಒರೆಸುತ್ತಾರೆ. ನನ್ನ ಹಗ್ಗದಲ್ಲಿ ಬಟ್ಟೆಗಳು ಹೆಚ್ಚಾಗಿ ಸುತ್ತಿಡಲು ಕಷ್ಟವಾಗುತ್ತಿದೆ.

ಮೊನ್ನೆ ವರುಣಪ್ರಿಯಾ ದೂರದ ದ್ವೀಪಗಳ ಕಡೆ ಹೋಗಿ ಬಂತು. ಮಡುವಿನಲ್ಲಿ ಸಲೀಸಾಗಿ ತಿರುಗಿತು. ಉಮಾನಾಥ ಮೂತಿಯಲ್ಲಿ ತುದಿ ಹಿಡಿದರು, ನಾನು ಹಿಂಬದಿಗೆ ನಡೆದು ಹಗ್ಗ ಎಳೆದೆ. ಒಂದು ಗೇಣು ಹೆಚ್ಚಿತ್ತು. ಈಗ ಊರಿನಲ್ಲಿ ಎಲ್ಲರಿಗೂ ಅದರ ಅರ್ಥ ಗೊತ್ತು, ಮನೆ ಸೇರಲು ಯಾರೋ ಕಾಯುತ್ತಿದ್ದಾರೆ ಎಂದು. ಚಿಕ್ಕಮ್ಮ ನನ್ನ ಬಾಯಿಗೆ ಕಿವಿ ಕೊಟ್ಟು ನಿಂತರು, ಮೀನು ಹೆಚ್ಚುತ್ತಿದ್ದವರು ಕತ್ತಿ ನಿಲ್ಲಿಸಿ ಕಾದರು. ಮೂತಿಯಲ್ಲಿ ನಿಂತವರು ಹೇಳಬೇಡ ಎಂದು ಕಣ್ಣಲ್ಲೇ ಬೇಡಿಕೊಳ್ಳುತ್ತಿದ್ದರು, ಕಿವಿ ಕೆಂಪಾಗಿತ್ತು. ನಾನು ಚಿಕ್ಕಮ್ಮನನ್ನು ಪಕ್ಕಕ್ಕೆ ಸರಿಸಿ, ಹೊಳೆಯಾಚೆಗೂ ಕೇಳುವಂತೆ, ನಾನೇ ಕೂಗಿ ಹೇಳಿದೆ.